ಆತ್ಮಿಕ ಯುದ್ಧದ ಬಗ್ಗೆ ಯುವಕರಿಗೆ ಆರು ವಾರದ ಪಾಠ, ಆಮೇಲೆ ಸುವಾರ್ತಾ ಭೇಟಿ: ಹೇಗೆ ಸಿದ್ಧ ಮಾಡುವುದು?

ಯುವಕೂಟ_ಮಲೆನಾಡು ಕೇಳಿದ್ದು:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಮ್ಮ ಸಭೆಯ ಯುವಕೂಟದಲ್ಲಿ ಹದಿನೈದು ಜನರಿದ್ದಾರೆ, ಹೆಚ್ಚಿನವರು ಪಿಯುಸಿ, ಡಿಗ್ರಿ ಓದುವವರು. ಅಪೊಸ್ತಲ ಪೌಲ ಎಫೆಸ ಊರಿನ ಸಭೆಗೆ ಬರೆದ ಪತ್ರದ (ಬೈಬಲಿನ ಎಫೆಸ) 6ನೇ ಅಧ್ಯಾಯದ ಸರ್ವಾಯುಧದ ಮೇಲೆ, ಎಂದರೆ ಸೈತಾನನನ್ನು ಎದುರಿಸಲು ದೇವರು ಕೊಡುವ ಯುದ್ಧಸಜ್ಜಿನ ಮೇಲೆ, ಆರು ವಾರ ಪಾಠ ಮಾಡಿ, ಆಮೇಲೆ ಸುತ್ತಲಿನ ಮನೆಗಳಿಗೆ ಸುವಾರ್ತಾ ಭೇಟಿಗೆ ಹೋಗಿ ಎಂದು ಸಭಾಪಾಲಕರು ಹೇಳಿದ್ದಾರೆ. ವಾರಕ್ಕೆ ಒಂದು ಗಂಟೆ ಸಿಗುತ್ತದೆ.

ತೊಂದರೆ ಏನೆಂದರೆ, ಯೂಟ್ಯೂಬಿನ ಪ್ರಸಂಗಗಳನ್ನು ಕೇಳಿ ಕೆಲವರಿಗೆ ಭಯ, ಕೆಲವರಿಗೆ ಅತಿ ಉತ್ಸಾಹ. ಪರೀಕ್ಷೆ ಫೇಲಾದರೂ ಸೈತಾನ, ಬೈಕ್ ಪಂಕ್ಚರ್ ಆದರೂ ಸೈತಾನ ಅನ್ನುತ್ತಾರೆ. ಆದರೆ ಸಿಟ್ಟು, ಸುಳ್ಳು, ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವುದು, ಇವುಗಳ ವಿಷಯದಲ್ಲಿ ಹೋರಾಟವೇ ಕಾಣುವುದಿಲ್ಲ. ಪಾಠವನ್ನು ಯಾವ ಕ್ರಮದಲ್ಲಿ ಮಾಡಲಿ? ಭೇಟಿಗೆ ಮೊದಲು ಪ್ರಾರ್ಥನೆಯನ್ನು ಹೇಗೆ ಏರ್ಪಡಿಸಲಿ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಬೆರೋಯದ_ಓದುಗ:

ಬ್ರದರ್, ಮೊದಲ ವಾರ ಎಫೆಸ 6 ತೆರೆಯಲೇ ಬೇಡಿ. ಅಪೊಸ್ತಲರ ಕೃತ್ಯಗಳು 19ನ್ನು ಇಡಿಯಾಗಿ ಗಟ್ಟಿಯಾಗಿ ಓದಿಸಿ. ಪತ್ರ ಹೋಗಿ ತಲುಪಿದ ಊರು ಎಂಥದು ಎಂದು ಗೊತ್ತಿಲ್ಲದೆ ಆಯುಧಗಳ ಪಟ್ಟಿ ಕಲಿತರೆ ಅದು ಸಂಡೇ ಸ್ಕೂಲಿನ ಗೋಡೆಯ ಚಿತ್ರವಾಗಿಯೇ ಉಳಿಯುತ್ತದೆ.

ಎಫೆಸ ಅರ್ತೆಮೀದೇವಿಯ ಊರು, ಮಾಟಮಂತ್ರ ಬೇರೂರಿದ್ದ ಊರು. ಅಲ್ಲಿ ಪೌಲ ಮಾಡಿದ್ದೇನು? ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ದಿನಾಲೂ ಕೂತು ವಾದಿಸಿದ, ವಿವರಿಸಿದ. ದೆವ್ವ ಬಿಡಿಸಲು ಯೇಸುವಿನ ಹೆಸರನ್ನು ಮಂತ್ರದ ಹಾಗೆ ಬಳಸಹೋದ, ಸ್ಕೇವ ಎಂಬ ಯೆಹೂದ್ಯ ಯಾಜಕನ ಏಳು ಮಂದಿ ಮಕ್ಕಳು ದೆವ್ವ ಹಿಡಿದವನ ಕೈಯಲ್ಲಿ ಗಾಯಗೊಂಡು, ಬಟ್ಟೆಯೂ ಇಲ್ಲದೆ ಓಡಿದರು. ಆಮೇಲೆ ನಂಬಿದವರು ಸುಟ್ಟದ್ದು ತಮ್ಮ ಸ್ವಂತ ಮಂತ್ರದ ಪುಸ್ತಕಗಳನ್ನು, 50,000 ಬೆಳ್ಳಿ ನಾಣ್ಯದ ಬೆಲೆಯವನ್ನು. ದೇವಿಯ ಗುಡಿಯ ಒಂದು ಕಲ್ಲನ್ನೂ ಯಾರೂ ಮುಟ್ಟಲಿಲ್ಲ. 37ನೇ ವಚನವನ್ನು ಹುಡುಗರಿಂದ ಎರಡು ಸಲ ಓದಿಸಿ: ಇವರು ಗುಡಿ ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಆ ಊರಿನ ಅಧಿಕಾರಿಯೇ ಪೌಲನ ವಿರುದ್ಧ ಎದ್ದ ಗಲಭೆಯ ನಡುವೆ ಸಾಕ್ಷಿ ಹೇಳುತ್ತಾನೆ. ಸುವಾರ್ತೆಗೆ ಹೊರಡುವ ಯುವಕರಿಗೆ ಇದಕ್ಕಿಂತ ದೊಡ್ಡ ಪಾಠ ಆ ಅಧ್ಯಾಯದಲ್ಲಿ ಇನ್ನೊಂದಿಲ್ಲ.

ಎರಡನೇ ವಾರ ಎಫೆಸ 4:25-32. ಸೈತಾನನಿಗೆ ಅವಕಾಶ ಕೊಡಬೇಡಿರಿ ಎಂಬ ಮಾತು ಇರುವುದು ಇಲ್ಲಿ, ಅದೂ ಸಿಟ್ಟಿನ ಬಗ್ಗೆ ಹೇಳುವಾಗ. ಸುಳ್ಳು, ಕಳ್ಳತನ, ಕೆಟ್ಟ ಮಾತು, ಕ್ಷಮಿಸದಿರುವುದು, ಎಲ್ಲವೂ ಇದೇ ಸಾಲುಗಳಲ್ಲಿವೆ. 2 ಕೊರಿಂಥ 2:10-11ನ್ನೂ ಸೇರಿಸಿ. ಕ್ಷಮಿಸದಿದ್ದರೆ ಸೈತಾನನ ಕೈ ಮೇಲಾಗುತ್ತದೆ ಎಂದು ಪೌಲ ನೇರವಾಗಿ ಹೇಳುತ್ತಾನೆ. ಅವತ್ತು ಪಾಠ ಅರ್ಧ ಗಂಟೆ ಸಾಕು. ಉಳಿದ ಅರ್ಧ ಗಂಟೆಯಲ್ಲಿ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದೇನೆ, ಯಾರಿಗೆ ಸುಳ್ಳು ಹೇಳಿದ್ದೇನೆ, ಯಾರ ದುಡ್ಡು ವಾಪಸು ಕೊಟ್ಟಿಲ್ಲ ಎಂದು ಬರೆಯಲಿ. ಚೀಟಿಯನ್ನು ಯಾರಿಗೂ ತೋರಿಸುವುದು ಬೇಡ. ಮುಂದಿನ ವಾರದೊಳಗೆ ಒಂದನ್ನಾದರೂ ಸರಿಮಾಡಿ ಬರಬೇಕು. ಎಫೆಸ 6ರ ಪಟ್ಟಿಯಲ್ಲಿರುವ ಸತ್ಯವೆಂಬ ನಡುಕಟ್ಟು, ನೀತಿಯೆಂಬ ವಜ್ರಕವಚ ಮೈಗೆ ಹತ್ತುವುದು ಹೀಗೆ. ಬೆಳಿಗ್ಗೆ ಎದ್ದು ಒಂದೊಂದು ಆಯುಧದ ಹೆಸರು ಹೇಳಿ ಕೈಯಿಂದ ಧರಿಸಿಕೊಳ್ಳುವ ಅಭಿನಯ ಮಾಡುವವರಿದ್ದಾರೆ. ಚಿಕ್ಕ ಮಕ್ಕಳಿಗೆ ಸರಿ, ಡಿಗ್ರಿ ಹುಡುಗರನ್ನು ಅಲ್ಲಿಗೇ ನಿಲ್ಲಿಸಬೇಡಿ.

ಮೂರನೇ ವಾರ ಎಫೆಸ 6:10-17. ಕವಚ, ಶಿರಸ್ತ್ರಾಣ ಮೊದಲು ಬರುವುದು ಯೆಶಾಯ 59:17ರಲ್ಲಿ, ಅಲ್ಲಿ ತೊಟ್ಟವನು ದೇವರೇ. ನಡುಕಟ್ಟು ಯೆಶಾಯ 11:5ರಿಂದ, ಸುವಾರ್ತೆಯ ಪಾದಗಳು 52:7ರಿಂದ. ಎಂದರೆ ಅದು ದೇವರ ಸ್ವಂತ ಕವಚ, ನಮಗೆ ಕೊಟ್ಟಿದ್ದಾನೆ. ಭಯ ಇರುವ ಹುಡುಗರಿಗೆ ಇದನ್ನೇ ಒತ್ತಿ ಹೇಳಿ. ರೋಮಿನ ಸೈನಿಕನ ಚಿತ್ರ ತೋರಿಸುವುದಾದರೆ ಎರಡು ವಿಷಯದಲ್ಲಿ ಎಚ್ಚರ ಇರಲಿ. ಬೆನ್ನಿಗೆ ಕವಚವಿಲ್ಲ, ಆದ್ದರಿಂದ ಓಡಬಾರದು ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳುತ್ತೇವೆ. ರೋಮಿನ ಕವಚ ಬೆನ್ನನ್ನೂ ಮುಚ್ಚುತ್ತಿತ್ತು. ಗುರಾಣಿಯನ್ನು ನೀರಲ್ಲಿ ನೆನೆಸುತ್ತಿದ್ದರು ಎಂಬುದೂ ವಚನದಲ್ಲಿಲ್ಲ. ಗೊತ್ತಿರುವುದು ಇಷ್ಟು: ಹಲಗೆಗಳನ್ನು ಅಂಟಿಸಿ, ಬಟ್ಟೆ ಹೊದಿಸಿ, ಮೇಲೆ ಕರುವಿನ ಚರ್ಮ ಬಿಗಿದ ಗುರಾಣಿ, ಸುಮಾರು ನಾಲ್ಕು ಅಡಿ ಎತ್ತರ, ಎರಡೂವರೆ ಅಡಿ ಅಗಲ. ಪಕ್ಕದವನ ಗುರಾಣಿಗೆ ತಾಗಿಸಿ ಹಿಡಿದಾಗ ಅದಕ್ಕೆ ಪೂರ್ತಿ ಬಲ. ಪೌಲ ಇಡೀ ಭಾಗವನ್ನು ಬರೆದಿರುವುದು ನೀವು, ನೀವೆಲ್ಲರು ಎಂದು, ಸಭೆಗೆ. ಒಂಟಿ ವೀರನ ಪಾಠ ಮಾಡಬೇಡಿ.

ಇನ್ನೊಂದು. ಅಲ್ಲಿನ ಆಜ್ಞೆ ನಿಲ್ಲಿರಿ ಎಂದು. ಹೋಗಿ ಹೊಡೆಯಿರಿ ಎಂದಲ್ಲ. ಗೆಲುವು ಶಿಲುಬೆಯಲ್ಲಿ ಆಗಿಹೋಗಿದೆ, ಕೊಲೊಸ್ಸೆ 2:15 ನೋಡಿ. ನಮ್ಮ ಪಾಲಿಗೆ ಉಳಿದಿರುವುದು ಗೆದ್ದ ನೆಲದಲ್ಲಿ ಕಾಲೂರಿ ನಿಲ್ಲುವುದು. 12ನೇ ವಚನ, ನಾವು ಹೋರಾಡುವುದು ಮನುಷ್ಯರ ಸಂಗಡ ಅಲ್ಲ ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಲಿ. ಭೇಟಿಯ ದಿನ ಯಾರಾದರೂ ಬಾಗಿಲು ಹಾಕಿಕೊಂಡರೆ, ಬೈದರೆ, ಅವರು ವೈರಿಯಲ್ಲ ಎಂದು ಆಗ ನೆನಪಾಗಬೇಕಾದ್ದು ಈ ವಚನವೇ.

ನಾಲ್ಕನೇ ವಾರ ಮತ್ತಾಯ 4, ಸೈತಾನ ಯೇಸುಸ್ವಾಮಿಯನ್ನು ಮೂರು ಸಲ ಶೋಧಿಸಿದ ಭಾಗ. ಸ್ವಾಮಿ ಕೊಟ್ಟ ಮೂರು ಉತ್ತರಗಳೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದವು: 8:3, 6:16, 6:13. ಪ್ರತಿಯೊಂದೂ ಆ ಶೋಧನೆಗೆ ಸರಿಯಾಗಿ ತಕ್ಕ ವಚನ. ಸೈತಾನನೂ ವಚನ ಹೇಳಿದ, ಅದು 91ನೇ ಕೀರ್ತನೆ, ನಮ್ಮ ಮನೆಗಳಲ್ಲಿ ಬಾಗಿಲ ಮೇಲೆ ತೂಗುಹಾಕುವ ಅದೇ ಕೀರ್ತನೆ. ಆ ಕೀರ್ತನೆಯಲ್ಲಿ ತಪ್ಪೇನೂ ಇಲ್ಲ. ತಾಯಿತದ ಹಾಗೆ ಬಳಸುವುದು ತಪ್ಪು. ದಿಂಬಿನ ಕೆಳಗೆ ಬೈಬಲ್ ಇಟ್ಟು ಮಲಗಿದರೆ ಕೆಟ್ಟ ಕನಸು ಬೀಳುವುದಿಲ್ಲ ಎನ್ನುವವರಿಗೂ ಇದನ್ನೇ ಪ್ರೀತಿಯಿಂದ ಹೇಳಿ. ಪ್ರತಿಯೊಬ್ಬರೂ ತಮ್ಮನ್ನು ಹೆಚ್ಚು ಕಾಡುವ ಒಂದು ಶೋಧನೆ ಆರಿಸಿ, ಅದಕ್ಕೆ ಉತ್ತರವಾಗುವ ಒಂದೇ ವಚನವನ್ನು ಕಾರ್ಡಿನಲ್ಲಿ ಬರೆದುಕೊಳ್ಳಲಿ. ಹಿಂದಿನ ಮುಂದಿನ ವಚನಗಳನ್ನು ಓದದೆ ಕಾರ್ಡಿಗೆ ಇಳಿಸಕೂಡದು.

ಐದನೆಯದು ಪ್ರಾರ್ಥನೆ, ಆರನೆಯದು ಸುವಾರ್ತಾ ಸಂಭಾಷಣೆ. ಅದನ್ನು ನಡೆಸಿ ಅಭ್ಯಾಸ ಇರುವವರು ಹೇಳಲಿ.

ಪ್ರಾರ್ಥನಾ_ಕೋಣೆ:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಐದನೇ ವಾರದಿಂದ ಮುಂದುವರಿಸುತ್ತೇನೆ.

ಎಫೆಸ 6:18-20ನ್ನು ಬಿಟ್ಟುಬಿಟ್ಟು ಕೊನೆಯ ಆಯುಧವಾದ ಕತ್ತಿಯ ಹತ್ತಿರವೇ ಪಾಠ ಮುಗಿಸುವುದು ಎಲ್ಲ ಕಡೆ ನಡೆಯುತ್ತದೆ. ಈ ಪತ್ರ ಬರೆಯುವಾಗ ಪೌಲ ಬೇಡಿ ಹಾಕಿಸಿಕೊಂಡು ಕೂತಿದ್ದಾನೆ. ಬಿಡುಗಡೆಗಾಗಿ ಪ್ರಾರ್ಥಿಸಿ ಎನ್ನುವುದಿಲ್ಲ. ಬಾಯಿ ತೆರೆದಾಗ ಮಾತು ಸಿಗಲಿ, ಧೈರ್ಯದಿಂದ ಹೇಳುವಂತಾಗಲಿ ಎಂದು ಕೇಳುತ್ತಾನೆ. ಕೊಲೊಸ್ಸೆ 4:3-6ರಲ್ಲೂ ಅದೇ: ಬಾಗಿಲು ತೆರೆಯಲಿ, ಸ್ಪಷ್ಟವಾಗಿ ಹೇಳುವಂತಾಗಲಿ, ಮಾತು ಇಂಪಾಗಿ ಉಪ್ಪು ಬೆರೆತಂತೆ ಇರಲಿ. ಇದಕ್ಕೆ ಕೇಳುವವರ ಕಡೆಯ ಎರಡು ವಿಷಯ ಸೇರಿಸಿ: 2 ಕೊರಿಂಥ 4:4ರ ಪ್ರಕಾರ ಮನಸ್ಸಿನ ಕುರುಡು ಹೋಗಲಿ, ಮಾರ್ಕ 4:15ರ ಪ್ರಕಾರ ಬಿತ್ತಿದ ವಾಕ್ಯವನ್ನು ಸೈತಾನ ಎತ್ತಿಕೊಂಡು ಹೋಗದಿರಲಿ. ಸುವಾರ್ತೆಗಾಗಿ ಪ್ರಾರ್ಥಿಸಲು ಇಷ್ಟು ವಿಷಯ ಸಾಕು, ಎಲ್ಲವೂ ವಚನದಲ್ಲೇ ಇವೆ.

ಒಂದು ಗಂಟೆಯನ್ನು ಹೀಗೆ ಹಂಚಿ. ಹತ್ತು ನಿಮಿಷ ಒಂದು ಕೀರ್ತನೆ ಓದಿ ಸ್ತೋತ್ರ. ಹತ್ತು ನಿಮಿಷ ಮೌನವಾಗಿ ಪಾಪದ ಅರಿಕೆ. ಅರ್ಧ ಗಂಟೆ ಮೂರು ಮೂರು ಜನರ ಗುಂಪಿನಲ್ಲಿ ಬಿನ್ನಹ. ಒಬ್ಬೊಬ್ಬರ ಪ್ರಾರ್ಥನೆ ಎರಡು ನಿಮಿಷ ಮೀರದಿರಲಿ, ಇಲ್ಲದಿದ್ದರೆ ಬಾಯಿ ಇರುವವರೇ ಪ್ರಾರ್ಥಿಸುತ್ತಾರೆ, ಸಂಕೋಚದವರು ಆಮೆನ್ ಹೇಳಿಕೊಂಡು ಕೂರುತ್ತಾರೆ. ಕೊನೆಯ ಹತ್ತು ನಿಮಿಷ ಸುಮ್ಮನಿದ್ದು, ಯಾರನ್ನು ನೋಡಲು ಹೋಗಬೇಕು ಎಂದು ನಿರ್ಧರಿಸಿ. ಇಡೀ ಗಂಟೆಯಲ್ಲಿ ಸೈತಾನನನ್ನು ಉದ್ದೇಶಿಸಿ ಮಾತಾಡಿದ್ದಕ್ಕಿಂತ ತಂದೆಯೊಂದಿಗೆ ಮಾತಾಡಿದ್ದು ಬಹಳ ಹೆಚ್ಚಿರಬೇಕು. ಹಾಗಿಲ್ಲದಿದ್ದರೆ ದಿಕ್ಕು ತಪ್ಪಿದೆ ಎಂದೇ ತಿಳಿಯಿರಿ.

ವಾಟ್ಸಾಪ್ ಗುಂಪಿನ ವಿಷಯ ಹೇಳಲೇಬೇಕು. ಭೇಟಿ ಮಾಡಿದ ಮನೆಯವರ ಹೆಸರು, ಬೀದಿ, ಫೋಟೋ, ಅವರ ಮನೆಯ ಕಷ್ಟ ಇವನ್ನು ಪ್ರಾರ್ಥನಾ ಬೇಡಿಕೆ ಎಂದು ಗುಂಪಿಗೆ ಹಾಕಬೇಡಿ. ಒಂದು ಫಾರ್ವರ್ಡ್ ಆದರೆ ಮುಗಿಯಿತು, ನಂಬಿಕೆ ಇಟ್ಟು ಹೇಳಿಕೊಂಡವರ ಮಾನ ಹೋಗುತ್ತದೆ, ಮನೆಯಲ್ಲಿ ಜಗಳವೂ ಆಗಬಹುದು. ಹೆಸರುಗಳು ನೋಟ್‌ಬುಕ್ಕಿನಲ್ಲಿರಲಿ, ಆ ನೋಟ್‌ಬುಕ್ ಒಬ್ಬರ ಹತ್ತಿರ ಮಾತ್ರ ಇರಲಿ.

ಆರನೇ ವಾರ ಭೇಟಿಯ ರೀತಿ ಕಲಿಸಿ. ಭೇಟಿಗೆ ಇಬ್ಬಿಬ್ಬರು ಹೋಗಿ, ಅದರಲ್ಲಿ ಒಬ್ಬರು ಅನುಭವಸ್ಥರು. ಹೆಣ್ಣುಮಕ್ಕಳು ಮಾತ್ರ ಇರುವ ಮನೆಗೆ ಸಿಸ್ಟರ್‌ಗಳೇ ಹೋಗಲಿ. ಪರಿಚಯವೇ ಇಲ್ಲದ ಮನೆಗಿಂತ ಗೊತ್ತಿರುವ ಸಹಪಾಠಿ, ನೆರೆಯವರಿಂದ ಶುರು ಮಾಡಿ. ನಾವು ಯಾವ ಸಭೆಯವರು, ಏಕೆ ಬಂದೆವು ಎಂದು ಮೊದಲ ಮಾತಿನಲ್ಲೇ ಹೇಳಿ. ಬೇಡ ಅಂದರೆ ನಮಸ್ಕಾರ ಹೇಳಿ ಬನ್ನಿ. ಕರಪತ್ರವನ್ನು ಬಾಗಿಲ ಸಂದಿಯಲ್ಲಿ ತುರುಕಿ ಬರಬೇಡಿ. ಅವರ ಪೂಜೆ, ದೇವರ ಮನೆಯ ಬಗ್ಗೆ ಒಂದು ಹಗುರ ಮಾತೂ ಬೇಡ. ಕರ್ತನ ದಾಸನು ಜಗಳವಾಡದೆ ಎಲ್ಲರಲ್ಲಿಯೂ ಸಾಧುವಾಗಿರಬೇಕು ಎಂದು 2 ತಿಮೊಥೆಯ 2:24-26 ಹೇಳುತ್ತದೆ, ಸೈತಾನನ ಉರ್ಲಿನಿಂದ ಜನ ಬಿಡಿಸಿಕೊಳ್ಳುವ ಮಾತು ಬರುವುದೂ ಅದೇ ವಾಕ್ಯದಲ್ಲಿ. ವಾದದಲ್ಲಿ ಗೆದ್ದು ಮನುಷ್ಯನನ್ನು ಕಳೆದುಕೊಂಡರೆ ಗೆದ್ದವನು ಸೈತಾನನೇ.

ಯುವಕೂಟ_ಮಲೆನಾಡು:

ಇಬ್ಬರಿಗೂ ತುಂಬಾ ಧನ್ಯವಾದ. ಇನ್ನೂ ಎರಡು ಪ್ರಶ್ನೆ. ಭೇಟಿಗೆ ಮೊದಲು ಮೂರು ದಿನ ಉಪವಾಸ, ಕೊನೆಯ ದಿನ ಆಲ್ ನೈಟ್ ಪ್ರೇಯರ್ ಮಾಡಿ, ನಮ್ಮ ಊರನ್ನು ಆಳುವ ದುರಾತ್ಮವನ್ನು ಹೆಸರು ಹಿಡಿದು ಕಟ್ಟಬೇಕು, ಇಲ್ಲದಿದ್ದರೆ ಫಲ ಬರುವುದಿಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ಎರಡನೆಯದು, ಪ್ರಾರ್ಥಿಸುವಾಗ ಯಾರಾದರೂ ನಡುಗಿ ಬಿದ್ದರೆ ನಾವು ಏನು ಮಾಡಬೇಕು?

ನರ್ಸ್_ಧಾರವಾಡ:

ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅಲ್ಲಿ ಜೀವದ ಪ್ರಶ್ನೆ ಇದೆ.

ಕೈಕಾಲು ಸೆಟೆದು ಅದುರುತ್ತಾ ಬಿದ್ದರೆ, ಬಾಯಲ್ಲಿ ನೊರೆ ಬಂದರೆ, ಅದನ್ನು ಮೂರ್ಛೆ (ಫಿಟ್ಸ್) ಎಂದೇ ಹಿಡಿದು ನಡೆಯಿರಿ. ಗಡಿಯಾರ ನೋಡಿ. ತಲೆಯ ಕೆಳಗೆ ಶಾಲು ಮಡಚಿ ಇಡಿ, ಕುತ್ತಿಗೆಯ ಗುಂಡಿ ಸಡಿಲಿಸಿ, ಒಂದು ಮಗ್ಗುಲಿಗೆ ತಿರುಗಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಲ್ಲಿ ಚಮಚ, ಬಟ್ಟೆ, ನೀರು, ಅಭಿಷೇಕದ ಎಣ್ಣೆ ಏನೂ ಬೇಡ, ಉಸಿರುಗಟ್ಟುತ್ತದೆ. ಕೈಯಲ್ಲಿ ಬೀಗದ ಕೈ ಹಿಡಿಸುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ, ಎಚ್ಚರ ಆಗದೆ ಮತ್ತೆ ಬಂದರೆ, ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಿ. ಪಕ್ಕದಲ್ಲಿ ಮೆಲ್ಲಗೆ ಪ್ರಾರ್ಥಿಸಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಕಿವಿಯ ಹತ್ತಿರ ಕಿರುಚಬೇಡಿ.

ಬೆವರು, ನಡುಕ, ತೊದಲು ಮಾತು, ಇದ್ದಕ್ಕಿದ್ದಂತೆ ಸಿಟ್ಟು, ಇವು ರಕ್ತದಲ್ಲಿ ಸಕ್ಕರೆ ಇಳಿದಾಗಿನ ಲಕ್ಷಣಗಳೂ ಹೌದು. ಉಪವಾಸ ಕೂಟಗಳಲ್ಲಿ ಇದನ್ನು ದೆವ್ವ ಎಂದು ತಪ್ಪು ತಿಳಿಯುವುದು ಬಹಳ ಸುಲಭ. ಎಚ್ಚರವಿದ್ದು ನುಂಗಲು ಆಗುವುದಾದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿ. ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಇದ್ದರೆ 70ಕ್ಕಿಂತ ಕೆಳಗಿದೆಯೇ ಪರೀಕ್ಷಿಸಿ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಆದ್ದರಿಂದ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು ಊಟ ಬಿಡುವ ಉಪವಾಸ ಮಾಡಕೂಡದು, ಊಟದ ಬದಲು ಮೊಬೈಲ್ ಬಿಡಲಿ. ಆಲ್ ನೈಟ್ ಪ್ರೇಯರ್ ಸಹ ಹಾಗೆಯೇ. ನಿದ್ದೆಗೇಡು ಮೂರ್ಛೆ ಇರುವವರಿಗೆ ಮೂರ್ಛೆ ತರಿಸುತ್ತದೆ, ಬೈಪೋಲಾರ್ ಕಾಯಿಲೆ ಇರುವವರನ್ನು ಕೆರಳಿಸುತ್ತದೆ. ಹತ್ತು ಗಂಟೆಗೆ ಮುಗಿಸಿ ಮನೆಗೆ ಕಳಿಸಿ.

ಎಲ್ಲಕ್ಕಿಂತ ಮುಖ್ಯವಾದ್ದು: ನಂಬಿಕೆ ಇದ್ದರೆ ಮಾತ್ರೆ ಬಿಡು ಎಂದು ಯಾರೂ, ಯಾವತ್ತೂ ಹೇಳಬೇಡಿ. ಮೂರ್ಛೆಯ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ನಿಲ್ಲದ ಮೂರ್ಛೆ ಬಂದು ಪ್ರಾಣವೇ ಹೋಗಬಹುದು. ಮತ್ತಾಯ 4:24ರಲ್ಲಿ ದೆವ್ವ ಹಿಡಿದವರು, ಮೂರ್ಛಾರೋಗಿಗಳು, ಪಾರ್ಶ್ವವಾಯು ರೋಗಿಗಳು ಎಂದು ಬೇರೆಬೇರೆಯಾಗಿಯೇ ಹೇಳಿದೆ. ತನ್ನ ಜೊತೆಗೆಲಸದ ತಿಮೊಥೆಯನ ಹೊಟ್ಟೆನೋವಿಗೆ ಪೌಲ ದೆವ್ವ ಬಿಡಿಸಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಕಿವಿಯಲ್ಲಿ ಧ್ವನಿ ಕೇಳುತ್ತದೆ, ಸಾಯಬೇಕು ಅನಿಸುತ್ತದೆ ಎಂದು ಯಾರಾದರೂ ಹೇಳಿಕೊಂಡರೆ ಒಂಟಿಯಾಗಿ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದೊಯ್ಯಿರಿ. ಕನ್ನಡದಲ್ಲೇ ಮಾತಾಡಬಹುದು.

ಪೆಂತೆಕೊಸ್ತ_ದಾಸ:

ಸಿಸ್ಟರ್ ಹೇಳಿದ್ದೆಲ್ಲ ಸರಿ. ಆದರೆ ದೆವ್ವ ಎಂಬುದೇ ಇಲ್ಲ ಎಂಬ ಕಡೆಗೆ ಹುಡುಗರು ಜಾರಬಾರದು. ಬಿಡುಗಡೆಯ ಸೇವೆ, ಎಂದರೆ ದೆವ್ವ ಬಿಡಿಸುವುದು, ಸುವಾರ್ತೆಗಳ ಉದ್ದಕ್ಕೂ ಇದೆ. ವೈದ್ಯರು ನೋಡಿದ ಮೇಲೂ ಅಂಥ ಅಗತ್ಯ ಕಂಡರೆ ಅದು ಯುವಕೂಟದ ಕೆಲಸವಲ್ಲ, ಸಭಾಪಾಲಕರದು. ಮಾರ್ಕ 9ರಲ್ಲಿ ಯೇಸುಸ್ವಾಮಿಯೇ ದೆವ್ವ ಹಿಡಿದ ಹುಡುಗನ ತಂದೆಯನ್ನು ಮೊದಲು ಕೇಳಿದ್ದು, ಇದು ಎಷ್ಟು ಕಾಲದಿಂದ ಇದೆ ಎಂದು. ಹಾಗೆ ವಿಚಾರಿಸಿ. ಆ ವ್ಯಕ್ತಿಯ ಒಪ್ಪಿಗೆ, ಮನೆಯವರ ಹಾಜರಿ ಬೇಕು. ಹೆಂಗಸರಿಗೆ ಹೆಂಗಸರೇ ಪ್ರಾರ್ಥಿಸಲಿ. ಹಿಡಿಯುವುದು, ತಳ್ಳುವುದು, ಕೂದಲು ಎಳೆಯುವುದು, ಹೊಡೆಯುವುದು ಪಾಪ. ನಿನ್ನ ಹೆಸರೇನು, ಎಲ್ಲಿಂದ ಬಂದೆ ಎಂದು ಸಂದರ್ಶನ ಮಾಡಬೇಡಿ, ಅಲ್ಲಿ ಬರುವ ಉತ್ತರದಿಂದ ನೆರೆಯವರ ಮೇಲೆ ಮಾಟದ ಆರೋಪ ಹುಟ್ಟಿಕೊಳ್ಳುತ್ತದೆ. ಕೃತ್ಯಗಳು 16:18ರಲ್ಲಿ ದೆವ್ವ ಬಿಡಿಸುವಾಗ ಪೌಲ ಹೇಳಿದ್ದು ಒಂದೇ ವಾಕ್ಯ. ವಿಡಿಯೋ ಮಾಡುವುದನ್ನು ಖಡಾಖಂಡಿತವಾಗಿ ನಿಲ್ಲಿಸಿ. ಶಿಷ್ಯರು ದೆವ್ವಗಳು ಅಧೀನವಾದವು ಎಂದು ಹಿಗ್ಗಿ ಬಂದಾಗ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಎಂದು ಸಂತೋಷಪಡಿರಿ ಎಂದರು ಸ್ವಾಮಿ, ಲೂಕ 10:20.

ಬೆರೋಯದ_ಓದುಗ:

ಊರನ್ನು ಆಳುವ ಆತ್ಮದ ವಿಷಯ. ಇದಕ್ಕೆ ಆಧಾರವಾಗಿ ದಾನಿಯೇಲ 10ನ್ನು ಕೊಡುತ್ತಾರೆ. ಅಧ್ಯಾಯವನ್ನು ಪೂರ್ತಿ ಓದಿ. ದಾನಿಯೇಲ ಮೂರು ವಾರ ರುಚಿ ಪದಾರ್ಥ ಬಿಟ್ಟು ದುಃಖಿಸಿದ. ಆ 21 ದಿನ ಪಾರಸಿಯ ದಿವ್ಯಪಾಲಕ (ಆ ರಾಜ್ಯದ ಹಿಂದಿದ್ದ ಅದೃಶ್ಯ ಶಕ್ತಿ) ದೇವದೂತನನ್ನು ತಡೆದಿದ್ದ ಎಂಬುದು ಅವನಿಗೆ ತಿಳಿದದ್ದು ಆ ದಿನಗಳು ಮುಗಿದ ಮೇಲೆ, ದೂತ ಬಂದು ಹೇಳಿದಾಗ. ಅವನು ಯಾವ ಆತ್ಮದ ಹೆಸರನ್ನೂ ಹುಡುಕಲಿಲ್ಲ, ಕಟ್ಟಲಿಲ್ಲ. ಅವನ ಪಾಲಿನ ಕೆಲಸ ದೇವರ ಮುಂದೆ ತಗ್ಗುವುದಾಗಿತ್ತು, ಮೇಲಿನ ಹೋರಾಟವನ್ನು ದೇವರು ತನ್ನ ದೂತರಿಂದ ನಡೆಸಿದ. ಯೂದ 9ರಲ್ಲಿ ಪ್ರಧಾನದೂತ ಮೀಕಾಯೇಲನೇ ಸೈತಾನನಿಗೆ, ಕರ್ತನು ನಿನ್ನನ್ನು ಖಂಡಿಸಲಿ ಎನ್ನುತ್ತಾನೆ. ಕಟ್ಟುವುದು, ಬಿಚ್ಚುವುದು ಎಂಬ ಮಾತು ಮತ್ತಾಯ 18:18ರಲ್ಲಿ ಬರುವುದು ತಪ್ಪು ಮಾಡಿದ ಸಹೋದರನನ್ನು ಸಭೆ ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಸ್ತಾಪದಲ್ಲಿ.

ಅರ್ತೆಮೀದೇವಿಯ ಊರಿನಲ್ಲೂ ಪೌಲ ಅಂಥ ಕೂಟ ನಡೆಸಿದ್ದಕ್ಕೆ ಒಂದು ಸಾಲೂ ಇಲ್ಲ. ತುರನ್ನನ ಶಾಲೆಯ ಆ ಎರಡು ವರ್ಷ ಇದೆ. ಕೇಳಿದವರಿಗೆ ಇಷ್ಟು ಹೇಳಿ, ಜಗಳ ಬೇಡ. ಅವರೂ ಊರಿನ ಜನರ ರಕ್ಷಣೆಯ ಭಾರ ಇರುವವರೇ. ಪ್ರಾರ್ಥನೆಗೆ ಅವರನ್ನೇ ಮುಂದೆ ಕರೆಯಿರಿ, ವಿಷಯ ಮಾತ್ರ ಎಫೆಸ 6:18-20 ಇರಲಿ.

ವಕೀಲಿ_ವೃತ್ತಿ:

ಸ್ವಲ್ಪದರಲ್ಲಿ ಕಾನೂನಿನ ಮಾತು. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಇದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕ 2022ರಲ್ಲಿ ತಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಬಲವಂತ, ವಂಚನೆಯ ಜೊತೆಗೆ ಆಮಿಷವೂ ಅಪರಾಧ. ಉಡುಗೊರೆ, ನೌಕರಿ, ಉಚಿತ ಶಿಕ್ಷಣವಷ್ಟೇ ಅಲ್ಲ, ದೇವರ ಕೋಪದ ಹೆದರಿಕೆ, ಇನ್ನೊಂದು ಧರ್ಮದ ಆಚರಣೆಯನ್ನು ಕೀಳಾಗಿ ತೋರಿಸುವುದು ಕೂಡ ಆ ವ್ಯಾಖ್ಯೆಯೊಳಗೆ ಬರುತ್ತವೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು, ಹಾಗೆಂದು ಮೈಮರೆಯಬೇಡಿ. ನಿಮ್ಮ ಮನೆಯಲ್ಲಿ ದುರಾತ್ಮ ಇದೆ, ಯೇಸುವನ್ನು ನಂಬದಿದ್ದರೆ ಕೇಡು ಎಂಬ ಮಾತು ಯಾವ ಮನೆಯಲ್ಲೂ ಬಾಯಿಂದ ಬರಬಾರದು. ಅಕ್ಕಿ, ಪುಸ್ತಕ, ಫೀಸು ಕೊಡುವ ಸಹಾಯವನ್ನು ಸುವಾರ್ತಾ ಭೇಟಿಯ ದಿನ ಇಟ್ಟುಕೊಳ್ಳಬೇಡಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದರೆ, ಕಟ್ಟಿಹಾಕಿದರೆ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಅನ್ವಯಿಸುತ್ತದೆ.

18 ತುಂಬದವರನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಭೇಟಿಗೆ ಕರೆದೊಯ್ಯಬೇಡಿ, ಭೇಟಿಯ ಮನೆಯಲ್ಲೂ ಮಕ್ಕಳನ್ನು ಬೇರೆ ಕೂರಿಸಿಕೊಂಡು ಮಾತಾಡಬೇಡಿ. ನಿಮ್ಮ ಪಿಯುಸಿ ಹುಡುಗರಲ್ಲಿ ಹೆಚ್ಚಿನವರು ಈ ವಯಸ್ಸಿನವರೇ ಇರುತ್ತಾರೆ, ಒಪ್ಪಿಗೆಯನ್ನು ಮೊದಲ ವಾರವೇ ಬರವಣಿಗೆಯಲ್ಲಿ ತರಿಸಿಟ್ಟುಕೊಳ್ಳಿ.